ಮದ್ದಿಗಿಂತ ಮೊದಲು ರೋಗದ ಹೆಸರು ತಿಳಿಯಲಿ

ನಡೆಯುವಾಗ ಕಾಲು ಅತ್ತಿತ್ತ ಹೋಗುತ್ತದೆ. ಅಂಗಿಯ ಗುಂಡಿ ಹಾಕಲು ಬೆರಳು ಮಾತು ಕೇಳುವುದಿಲ್ಲ. ನಾಲಗೆ ತೊದಲುತ್ತದೆ. ಕಂಡವರು 'ಕುಡಿದು ಬಂದಿದ್ದಾನೆ' ಎಂದು ದೂರ ಸರಿಯುತ್ತಾರೆ. ಆದರೆ ಇದು ಕುಡಿತವಲ್ಲದೆ 'ಅಟಾಕ್ಸಿಯಾ' ಎಂಬ ಕಾಯಿಲೆಯೂ ಆಗಿರಬಹುದು. ದೇಹದ ಸಮತೋಲನ ಕಾಯುವ ಕಿರುಮೆದುಳು ಅಥವಾ ಅದಕ್ಕೆ ಸಂಬಂಧಿಸಿದ ನರಗಳು ಕೆಟ್ಟಾಗ ಬರುವ ತೊಂದರೆ ಇದು. ವಂಶಪಾರಂಪರ್ಯವಾಗಿ ಬರುವ ಬಗೆಗಳೇ ಹತ್ತಾರು. ಒಂದು ಬಗೆಗೆ ಹಿತವಾದ ಔಷಧಿ ಇನ್ನೊಂದಕ್ಕೆ ನಿಷ್ಪ್ರಯೋಜಕ, ಕೆಲವೊಮ್ಮೆ ಪ್ರಾಣಾಪಾಯ.

ಇವುಗಳಲ್ಲಿ ಹೆಚ್ಚು ಅಧ್ಯಯನಕ್ಕೊಳಗಾದದ್ದು 'ಫ್ರೀಡ್ರೈಕ್ ಅಟಾಕ್ಸಿಯಾ'. ಜರ್ಮನಿಯ ವೈದ್ಯ ನಿಕೋಲಸ್ ಫ್ರೀಡ್ರೈಕ್ 1863ರಲ್ಲಿ ಇದನ್ನು ವಿವರಿಸಿದರು. ಕಾರಣವಾದ ಜೀನ್ ಪತ್ತೆಯಾದದ್ದು 1996ರಲ್ಲಿ. ಜೀವಕೋಶಗಳ ಶಕ್ತಿ ಉತ್ಪಾದನೆಗೆ ಬೇಕಾದ 'ಫ್ರಟಾಕ್ಸಿನ್' ಎಂಬ ಪ್ರೋಟೀನ್ ಕಡಿಮೆಯಾಗುವುದೇ ಇದರ ಮೂಲ. ಸಾಮಾನ್ಯವಾಗಿ ಬಾಲ್ಯ ಅಥವಾ ಹದಿಹರೆಯದಲ್ಲಿ ಆರಂಭವಾಗುವ ಈ ಕಾಯಿಲೆಯಲ್ಲಿ ಹೃದಯದ ತೊಂದರೆಯೂ ಕೆಲವರಿಗೆ ಮಧುಮೇಹವೂ ಜೊತೆಗೂಡುತ್ತವೆ.

ಇದಕ್ಕೆಂದೇ ಅಂಗೀಕೃತವಾದ 'ಒಮಾವೆಲೊಕ್ಸೊಲೋನ್' ಎಂಬ ಔಷಧಿಗೆ ಅಮೆರಿಕದ ಎಫ್‌ಡಿಎ 2023ರ ಫೆಬ್ರವರಿಯಲ್ಲಿ, 16 ವರ್ಷ ಹಾಗೂ ಮೇಲ್ಪಟ್ಟವರಿಗಾಗಿ ಒಪ್ಪಿಗೆ ನೀಡಿತು. 2024ರಲ್ಲಿ ಯುರೋಪಿನ ಒಪ್ಪಿಗೆಯೂ ದೊರೆಯಿತು. 48 ವಾರಗಳ ಪ್ರಯೋಗದಲ್ಲಿ, ನಡಿಗೆ, ಮಾತು ಮತ್ತು ಕೈಕಾಲಿನ ಹಿಡಿತವನ್ನು ಅಳೆಯುವ ಪಟ್ಟಿಯಲ್ಲಿ ಔಷಧಿ ಸೇವಿಸಿದವರು ಉಳಿದವರಿಗಿಂತ ಸರಾಸರಿ 2.4 ಅಂಕ ಉತ್ತಮರಾಗಿದ್ದರು. ಇದು ರೋಗವನ್ನು ಬುಡಸಮೇತ ಕೀಳುವ ಮದ್ದಲ್ಲ.

ಜೊತೆಗೆ ಎಚ್ಚರಿಕೆಯೂ ಬೇಕು. ಈ ಔಷಧಿಯಿಂದ ಪಿತ್ತಜನಕಾಂಗದ ಕಿಣ್ವಗಳು ಏರಬಹುದು. ಹಾಗಾಗಿ ಆರಂಭಕ್ಕೆ ಮುನ್ನ, ಮೊದಲ 3 ತಿಂಗಳು ಪ್ರತಿ ತಿಂಗಳು, ಅನಂತರವೂ ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ಹೃದಯದ ಸ್ಥಿತಿಯನ್ನೂ ನೋಡಬೇಕು. ಕೆಲವು ಆ್ಯಂಟಿಬಯೋಟಿಕ್‌ಗಳು ಮತ್ತು ಶಿಲೀಂಧ್ರ ಸೋಂಕಿನ ಮಾತ್ರೆಗಳು ಇದರ ಪ್ರಮಾಣವನ್ನು ರಕ್ತದಲ್ಲಿ ಹೆಚ್ಚಿಸುತ್ತವೆ; ಗರ್ಭನಿರೋಧಕ ಮಾತ್ರೆಯ ಪರಿಣಾಮ ಕುಗ್ಗಬಹುದು. ಹೊಸ ವೈದ್ಯರ ಬಳಿ ಹೋದಾಗ ಸೇವಿಸುತ್ತಿರುವ ಪ್ರತಿ ಮಾತ್ರೆಯ ಹೆಸರು ಹೇಳಲೇಬೇಕು.

ರೋಗದ ಬಗೆ ತಿಳಿಯುವುದು ಎಷ್ಟು ಮುಖ್ಯ ಎಂಬುದಕ್ಕೆ ಎರಡು ಉದಾಹರಣೆ ಸಾಕು. ಫ್ರೀಡ್ರೈಕ್ ಅಟಾಕ್ಸಿಯಾವನ್ನೇ ಹೋಲುವ ಒಂದು ಬಗೆಯಲ್ಲಿ, ವಂಶವಾಹಿ ದೋಷದಿಂದ ದೇಹದಲ್ಲಿ ವಿಟಮಿನ್ 'ಇ' ನಿಲ್ಲುವುದಿಲ್ಲ. ಬೇಗ ಪತ್ತೆಯಾದರೆ ವೈದ್ಯರು ನಿಗದಿಪಡಿಸುವ ಹೆಚ್ಚಿನ ಪ್ರಮಾಣದ ವಿಟಮಿನ್ 'ಇ'ಯಿಂದಲೇ ರೋಗವನ್ನು ತಡೆಹಿಡಿಯಬಹುದು. ಇನ್ನೊಂದು 'ಪಾಲ್‌ಜಿ' ಎಂಬ ಜೀನ್ ದೋಷದ್ದು. ಇದರಲ್ಲಿ ಅಟಾಕ್ಸಿಯಾದೊಂದಿಗೆ ಅಪಸ್ಮಾರವೂ ಬರಬಹುದು. ಫಿಟ್ಸ್‌ಗೆ ಸಾಮಾನ್ಯವಾಗಿ ಕೊಡುವ 'ವಾಲ್‌ಪ್ರೊಯೇಟ್' ಇಂಥವರಿಗೆ ಪಿತ್ತಜನಕಾಂಗವನ್ನು ಮಾರಕವಾಗಿ ಕೆಡಿಸಬಲ್ಲದು. ಆದರೆ ಓದುಗರು ಗಾಬರಿಯಾಗಿ ಫಿಟ್ಸ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಅದು ಇನ್ನೂ ಅಪಾಯಕರ. ಬದಲಾವಣೆ ವೈದ್ಯರೇ ಮಾಡಬೇಕು.

ಆಸೆ ಹುಟ್ಟಿಸಿದ ಎಲ್ಲವೂ ಉಳಿಯುವುದಿಲ್ಲ. 'ಐಡಿಬೆನೋನ್' ಎಂಬ ಔಷಧಿಗೆ ಕೆನಡಾ 2008ರಲ್ಲಿ ಷರತ್ತಿನ ಒಪ್ಪಿಗೆ ನೀಡಿತ್ತು. ಮುಂದಿನ ಪ್ರಯೋಗಗಳಲ್ಲಿ ಪ್ರಯೋಜನ ಸಾಬೀತಾಗದೆ 2013ರಲ್ಲಿ ಅದನ್ನು ಅಲ್ಲಿನ ಮಾರುಕಟ್ಟೆಯಿಂದ ಹಿಂದೆಗೆದುಕೊಳ್ಳಲಾಯಿತು. 'ಸ್ಟೆಮ್ ಸೆಲ್‌ನಿಂದ ಖಚಿತ ಗುಣ' ಎಂಬ ಜಾಹೀರಾತು ನಂಬಿ ಒಡವೆ ಅಡವಿಡುವ ಮೊದಲು ಇದನ್ನು ನೆನೆಯಬೇಕು.

ನಮ್ಮವರಲ್ಲಿ ಸೋದರಮಾವ, ಅತ್ತೆ-ಮಾವನ ಮಕ್ಕಳೊಂದಿಗೆ ಮದುವೆ ಹೊಸದಲ್ಲ. ತಂದೆ ತಾಯಿ ಇಬ್ಬರೂ ಒಂದೇ ದೋಷಯುಕ್ತ ಜೀನ್ ಹೊತ್ತಿದ್ದರೆ, ತಮಗೆ ರೋಗವಿಲ್ಲದಿದ್ದರೂ, ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಂಭವ ಶೇ. 25. ಫ್ರೀಡ್ರೈಕ್ ಬಗೆ ಬರುವುದು ಹೀಗೆ. ಇನ್ನು ಕೆಲವು ಬಗೆಗಳಲ್ಲಿ ತಂದೆ ಅಥವಾ ತಾಯಿಗೆ ರೋಗವಿದ್ದರೆ ಸಾಕು, ಸಂಭವ ಶೇ. 50. ಇದು ಯಾರ ತಪ್ಪೂ ಅಲ್ಲ, ಮುಚ್ಚಿಡುವಂಥದ್ದೂ ಅಲ್ಲ. ಸೊಸೆಯ 'ಕಾಲ್ಗುಣ' ಎಂದು ದೂರುವುದಕ್ಕಿಂತ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ನರರೋಗ ತಜ್ಞರನ್ನು ಕಂಡು, ಜೀನ್ ಪರೀಕ್ಷೆ ಮತ್ತು ಸಲಹೆ ಪಡೆಯುವುದು ಲೇಸು.

ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಬಿ.ಪಿ., ಶುಗರ್ ತಪಾಸಣೆ ನಡೆಯುತ್ತಲೇ ಇರುತ್ತದೆ. ಅದೇ ಚೀಟಿಯಲ್ಲಿ 'ಮನೆತನದಲ್ಲಿ ಯಾರಿಗಾದರೂ ನಡಿಗೆ ತಪ್ಪುವ ಕಾಯಿಲೆ ಇತ್ತೇ?' ಎಂಬ ಒಂದು ಸಾಲು ಸೇರಿಸಲು ಖರ್ಚೇನೂ ಇಲ್ಲ. ಆ ಒಂದು ಉತ್ತರದಿಂದ ಒಂದು ಮಗುವಿನ ರೋಗ ಹೊತ್ತಿಗೆ ಮುಂಚೆ ಪತ್ತೆಯಾದೀತು.