ಕಾಂಗ್ರೆಸ್ ಗಿಡಕ್ಕೆ ಹುಳ ಬಿದ್ದಿದೆ, ಬಿಡಿ!

ಗಾಬರಿಯಾಗಬೇಡಿ, ಇದು ರಾಜಕೀಯದ ಸುದ್ದಿಯಲ್ಲ.

ಮೈಸೂರಿನ ನಮ್ಮ ಪ್ರೆಸ್ಸಿನ ಹಿಂದೆ ಒಂದು ಖಾಲಿ ಸೈಟು. ಮೂರು ಕಡೆ ಅಂಗಡಿ, ಇನ್ನೊಂದು ಕಡೆ ಬಸ್ ಸ್ಟಾಪು. ಮಾಲೀಕರು ಎಲ್ಲಿದ್ದಾರೋ ಗೊತ್ತಿಲ್ಲ, ಬಾಡಿಗೆ ಕೊಡದೆ ಇರುವವರು ಮಾತ್ರ ಬೇಕಾದಷ್ಟು. ಬಸ್ಸಿಗೆ ಕಾಯುವವರು ಸ್ವಲ್ಪ ಕತ್ತು ಹೊರಳಿಸಿದರೆ ಸಾಕು. ತಂತಿಯ ಮೇಲೆ ಕಾಜಾಣ, ಕಲ್ಲಿನ ಮೇಲೆ ತಲೆ ಆಡಿಸುವ ಓತಿಕ್ಯಾತ, ಹೂವಿಂದ ಹೂವಿಗೆ ಹಾರುವ ಹೆಬ್ಬೆರಳು ಗಾತ್ರದ ಸೂರಕ್ಕಿ. ಒಂದು ಮುಂಗುಸಿ ಸಂಸಾರ ಹೋಟೆಲಿನ ಹಿಂಬಾಗಿಲಿಗೆ ದಿನಾ ಹಾಜರಿ ಹಾಕುತ್ತದೆ. ಅದೃಷ್ಟವಿದ್ದ ದಿನ ಹೆಜ್ಜಾರ್ಲೆಗಳು ಸಾಲುಗಟ್ಟಿ ಕುಕ್ಕರಹಳ್ಳಿ ಕೆರೆ ಕಡೆಗೆ ತೇಲಿಹೋಗುತ್ತವೆ. ಟಿಕೆಟ್ಟಿಲ್ಲದ ಸಿನಿಮಾ ಸ್ವಾಮೀ!

ಎರಡು ಮಳೆ ಬಿದ್ದದ್ದೇ ತಡ, ಈಗ ಅಲ್ಲೆಲ್ಲ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ. 1955ರ ಸುಮಾರಿಗೆ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಪರದೇಶಿ ಕಳೆ ಅಮೆರಿಕದ ಗೋಧಿಯ ಜೊತೆ ಬಂತು ಎಂಬುದು ಬಹಳ ಜನರ ಮಾತು. ಚೆನ್ನಾಗಿ ಬೆಳೆದ ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಹೂವಿನ ಪುಡಿಗೆ ಕೆಲವರಿಗೆ ಸೀನು, ಉಬ್ಬಸ. ಗಿಡ ಸೋಕಿದರೆ ಕೆಲವರಿಗೆ ಮೈಯೆಲ್ಲ ತುರಿಕೆ.

"ಸಾಕಾಗಿಹೋಗಿದೆ ಸಾರ್. ಚಂದಾ ಎತ್ತಿದೀವಿ, ಭಾನುವಾರ ಔಷಧಿ ಹೊಡೆಸಿಬಿಡ್ತೀವಿ" ಎಂದರು ಬೀಡಾ ಅಂಗಡಿಯವರು. ಅವರ ಕಷ್ಟ ಸುಳ್ಳಲ್ಲ. ಆದರೆ ಔಷಧಿಗೆ ಬೇಕಾದ ಗಿಡ, ಬೇಡದ ಗಿಡ ಎಂಬ ಭೇದ ಉಂಟೆ?

ಹೊಡೆಯುವ ಮುಂಚೆ ಒಂದು ಎಲೆ ಎತ್ತಿ ನೋಡಿ ಅಂದೆ. ಜರಡಿಯಂತೆ ತೂತಾದ ಎಲೆಯ ಮೇಲೆ ಕಡಲೆಬೇಳೆಗಿಂತ ಸಣ್ಣ ಹುಳ, ಕೆನೆಬಣ್ಣದ ಬೆನ್ನಿಗೆ ಕಂದು ಗೀರು. ಮೆಕ್ಸಿಕೋ ದೇಶದ ಈ ದುಂಬಿಯನ್ನು 1983ರಲ್ಲಿ ತರಿಸಿ, ಪರೀಕ್ಷೆ ಮಾಡಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮರಿಹುಳಕ್ಕೂ ಅದೇ ಸೊಪ್ಪೇ ಊಟ. ಬೇಸಿಗೆ ಪೂರ್ತಿ ಮಣ್ಣಿನೊಳಗೆ ಮಲಗಿದ್ದು ಮಳೆ ಬಿದ್ದ ಮೇಲೆ ಎದ್ದು ಬರುತ್ತದೆ. ಸಂಬಳ ಕೇಳದ ಕೂಲಿ!

ಹಾಗಂತ ಎಲ್ಲವನ್ನೂ ಹುಳದ ತಲೆಗೆ ಕಟ್ಟುವಂತಿಲ್ಲ. ಅದು ಏಳುವುದು ತಡವಾದರೆ ಗಿಡ ಹೂ ಬಿಟ್ಟುಬಿಡುತ್ತದೆ. ಹುಳ ಹತ್ತದ ಗಿಡಗಳನ್ನು ಹೂವಾಗುವ ಮೊದಲೇ, ನೆಲ ಹಸಿಯಾಗಿರುವಾಗ ಬೇರುಸಹಿತ ಕೀಳಬೇಕು. ಕುಡುಗೋಲಲ್ಲಿ ಸವರಿದರೆ ಬುಡದಲ್ಲಿ ಮತ್ತೆ ಚಿಗುರುತ್ತದೆ. ಕೈಗೆ ಗ್ಲೌಸೋ ಪ್ಲಾಸ್ಟಿಕ್ ಚೀಲವೋ ಇರಲಿ, ಮೂಗಿಗೆ ಬಟ್ಟೆ ಇರಲಿ. ಉಬ್ಬಸದವರು ಹತ್ತಿರ ಸುಳಿಯುವುದೇ ಬೇಡ. ಹುಳ ತಿನ್ನುತ್ತಿರುವ ಗಿಡ ಬಿಟ್ಟುಬಿಡಿ. ಪಕ್ಕದ ಬೀದಿಯಲ್ಲಿ ಹುಳ ಇಲ್ಲದಿದ್ದರೆ ಒಂದಷ್ಟನ್ನು ಡಬ್ಬಿಯಲ್ಲಿ ಒಯ್ದು ಬಿಡಿ.

ತಗಚೆ, ತಂಗಡಿ ಗಿಡಕ್ಕೆ ಮಾತ್ರ ಕೈ ಹಾಕಬೇಡಿ. ತಗಚೆ ದಟ್ಟವಾಗಿ ಬೆಳೆದ ಕಡೆ ಕಾಂಗ್ರೆಸ್ ಗಿಡದ ಆಟ ಅಷ್ಟಾಗಿ ನಡೆಯುವುದಿಲ್ಲ. ಸೈಟಿನ ತುಂಬ ಓಡಾಡುವ ಬಿಳಿ, ತಿಳಿಹಳದಿ ಚಿಟ್ಟೆಗಳು ಮೊಟ್ಟೆ ಇಡುವುದೂ ಇವುಗಳ ಮೇಲೇ.

ಮೂಲೆಯ ಲಂಟಾನದ್ದು ಬೇರೆ ತಕರಾರು. ಅದೂ ಹೊರಗಿಂದ ಬಂದದ್ದೇ. ಪಿಕಳಾರ ಹಕ್ಕಿ ಅದರ ಹಣ್ಣು ತಿಂದು ಊರೆಲ್ಲ ಬೀಜ ಹಂಚುತ್ತದೆ. ತೆಗೆಯಲೇಬೇಕು ನಿಜ, ಆದರೆ ಮುಂಗುಸಿಯ ಮನೆಯೂ ಅದರ ಬುಡದಲ್ಲೇ ಇದೆಯಲ್ಲ! ಮರಿ ದೊಡ್ಡವಾಗುವ ತನಕ ಅದಕ್ಕೆ ವಾಯಿದೆ ಕೊಡೋಣ ಎಂದು ಹೋಟೆಲಿನವರೇ ಹೇಳಿದರು.

ಔಷಧಿಯ ಚಂದಾ ಈಗ ಗ್ಲೌಸಿಗೆ ತಿರುಗಿದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಶುರು, ಕಾಫಿ ಹೋಟೆಲಿನವರ ಲೆಕ್ಕ.