ಮಾತಿಲ್ಲದವರ ಪರವಾಗಿ ಯಾರು?

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಮನೆಯ ಹಿರಿಯರೊಬ್ಬರು ಪ್ರಜ್ಞೆ ತಪ್ಪಿ ಬಿದ್ದರೆಂದರೆ, ಕಲಬುರಗಿಗೋ ರಾಯಚೂರಿಗೋ ಕರೆದೊಯ್ಯುವುದು ವಾಡಿಕೆ. ಅಲ್ಲಿ ತೀವ್ರ ನಿಗಾ ಘಟಕದ ಹೊರಗೆ ಬೆಂಚಿನ ಮೇಲೆ ಕುಳಿತ ಬಂಧುಗಳಿಗೆ ಕೆಲವು ದಿನಗಳ ಅನಂತರ ಒಂದು ಪ್ರಶ್ನೆ ಎದುರಾಗುವುದುಂಟು: ಉಸಿರಾಟದ ಯಂತ್ರವನ್ನು ಮುಂದುವರಿಸುವುದೋ, ನಿಲ್ಲಿಸುವುದೋ? ಹಿರಿಯ ಮಗ ಒಂದು ಹೇಳುತ್ತಾನೆ; ಮದುವೆಯಾಗಿ ಹೋದ ಮಗಳು ಇನ್ನೊಂದು ಹೇಳುತ್ತಾಳೆ; ಸೋದರಮಾವನದು ಮೂರನೆಯ ಮಾತು. ಮಲಗಿದವರು ಮಾತ್ರ ಏನನ್ನೂ ಹೇಳಲಾರರು. ಅವರ ಪರವಾಗಿ ಮಾತನಾಡುವ ಅಧಿಕಾರ ಯಾರದು?

ಈ ಪ್ರಶ್ನೆಗೆ ಭಾರತದ ಸರ್ವೋಚ್ಚ ನ್ಯಾಯಾಲಯವು ಉತ್ತರ ಹುಡುಕಬೇಕಾಗಿ ಬಂದುದು ಕನ್ನಡ ನಾಡಿನ ಹೆಣ್ಣುಮಗಳೊಬ್ಬಳ ಕಾರಣದಿಂದ. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. ವಯಸ್ಸು 25, ವಿವಾಹ ನಿಶ್ಚಯವಾಗಿದ್ದಿತು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ನಾಯಿಯ ಸರಪಳಿಯನ್ನು ಆಕೆಯ ಕೊರಳಿಗೆ ಬಿಗಿದು ಅತ್ಯಾಚಾರವೆಸಗಿದನು. ಮೆದುಳಿಗೆ ಆಮ್ಲಜನಕ ದೊರೆಯದೆ ಆಕೆಯ ಮಾತು, ದೃಷ್ಟಿ, ತಿಳಿವು ಎಲ್ಲವೂ ಅಡಗಿಹೋದವು. ಅಪರಾಧಿಗೆ ದೊರೆತ ಶಿಕ್ಷೆ ಏಳು ವರ್ಷಗಳ ಸೆರೆವಾಸ. ಅದೂ ಕೊಲೆಯತ್ನ ಮತ್ತು ಸುಲಿಗೆಗಾಗಿ. ಅರುಣಾ ಮಲಗಿದುದು 42 ವರ್ಷ.

ಆ ನಾಲ್ಕು ದಶಕಗಳಲ್ಲಿ ಆಕೆಯನ್ನು ಮೀಯಿಸಿ, ಉಣಿಸಿ, ಮಗ್ಗುಲು ಹೊರಳಿಸಿ ಕಾಪಾಡಿದವರು ಕೆ.ಇ.ಎಂ. ಆಸ್ಪತ್ರೆಯ ದಾದಿಯರು. ಹಿರಿಯರು ನಿವೃತ್ತರಾದರು, ಹೊಸಬರು ಬಂದರು, ಆರೈಕೆ ತಪ್ಪಲಿಲ್ಲ. ವರ್ಷಗಟ್ಟಲೆ ಹಾಸಿಗೆ ಹಿಡಿದವರ ಬೆನ್ನು ಹುಣ್ಣಾಗದೆ ಉಳಿಯುವುದು ಎಷ್ಟು ಕಷ್ಟವೆಂಬುದು ರೋಗಿಯ ಶುಶ್ರೂಷೆ ಮಾಡಿದ ಮನೆಗಳಿಗೆಲ್ಲ ಗೊತ್ತು. ಅರುಣಾರ ಮೈಮೇಲೆ ಅಂತಹ ಹುಣ್ಣುಗಳಿರಲಿಲ್ಲ.

ಇಷ್ಟಾದರೂ ಇದು ಬದುಕೇ ಎಂದು ಕೇಳಿದವರು ಪತ್ರಕರ್ತೆ ಪಿಂಕಿ ವಿರಾನಿ. ಅರುಣಾರ ಕಥೆಯನ್ನು ಪುಸ್ತಕವಾಗಿ ಬರೆದಿದ್ದ ಅವರು, ಬಲವಂತದ ಪೋಷಣೆಯನ್ನು ನಿಲ್ಲಿಸಿ ಆಕೆಯನ್ನು ಶಾಂತಿಯಿಂದ ಹೋಗಗೊಡಬೇಕೆಂದು ನ್ಯಾಯಾಲಯವನ್ನು ಬೇಡಿದರು. 2009ರ ಡಿಸೆಂಬರಿನಲ್ಲಿ ಅರ್ಜಿ ವಿಚಾರಣೆಗೆ ಅಂಗೀಕೃತವಾಯಿತು. ದಾದಿಯರು ಕಟುವಾಗಿ ವಿರೋಧಿಸಿದರು. ದೇಶವೇ ಎರಡಾಗಿ ವಾದಿಸಿತು. ಕರುಣೆ ಎರಡು ಕಡೆಯಲ್ಲಿಯೂ ಇದ್ದುದೇ ಈ ವಿವಾದದ ಕಷ್ಟ.

2011ರ ಮಾರ್ಚ್ 7ರಂದು ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ ಅರ್ಜಿಯನ್ನು ತಳ್ಳಿಹಾಕಿದರು. ಅರುಣಾರ ಪರವಾಗಿ ಮಾತನಾಡಲು ಅರ್ಹರಾದವರು ಪುಸ್ತಕ ಬರೆದವರಲ್ಲ, ಹಗಲಿರುಳು ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿ ಎಂಬುದು ಅವರ ತೀರ್ಮಾನ. ಆದರೆ ಅದೇ ತೀರ್ಪು, ತಕ್ಕ ಸಂದರ್ಭದಲ್ಲಿ ಉಚ್ಚ ನ್ಯಾಯಾಲಯದ ಒಪ್ಪಿಗೆ ಪಡೆದು ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಬಹುದೆಂದೂ ಹೇಳಿತು. ಒಪ್ಪಿಗೆಯ ಕಟ್ಟು ಏತಕ್ಕೆ? ಆಸ್ತಿಯ ಮೇಲೆ ಕಣ್ಣಿಟ್ಟ ನಂಟರೂ ಇರುತ್ತಾರೆಂಬುದನ್ನು ನ್ಯಾಯಾಧೀಶರು ಮರೆತಿರಲಿಲ್ಲ! ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

2018ರಲ್ಲಿ ಸಂವಿಧಾನ ಪೀಠವು ಇನ್ನೊಂದು ಬಾಗಿಲನ್ನು ತೆರೆಯಿತು: ಬುದ್ಧಿ ಸ್ವಸ್ಥವಾಗಿರುವಾಗಲೇ ತನ್ನ ಇಚ್ಛೆಯನ್ನು ಬರೆದಿಡುವ ಹಕ್ಕು. 2023ರಲ್ಲಿ ಕ್ರಮ ಸರಳವಾಯಿತು. ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಆಸ್ಪತ್ರೆಯ ವೈದ್ಯರ ಮಂಡಳಿಯೊಂದು ಪರೀಕ್ಷಿಸಬೇಕು, ಜಿಲ್ಲಾ ಆರೋಗ್ಯಾಧಿಕಾರಿ ನಾಮಕರಣ ಮಾಡಿದ ವೈದ್ಯರಿರುವ ಎರಡನೆಯ ಮಂಡಳಿ ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮದ್ದು ಕೊಟ್ಟು ಪ್ರಾಣ ತೆಗೆಯುವುದಕ್ಕೆ ಇಲ್ಲಿ ಅನುಮತಿಯಿಲ್ಲ. ಗುಣವಾಗುವ ಆಸೆಯಿಲ್ಲದ ರೋಗಿಗೆ ಯಂತ್ರದ ಆಸರೆಯನ್ನು ತೆಗೆಯುವುದಷ್ಟೇ ಇದರ ವ್ಯಾಪ್ತಿ. ದಯಾಮರಣದ ಹಕ್ಕಿಗಾಗಿ ವರ್ಷಗಳಿಂದ ಅರ್ಜಿ ಬರೆಯುತ್ತ ಬಂದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರ ಹೆಸರು ಆಗ ಪತ್ರಿಕೆಗಳಲ್ಲೆಲ್ಲ ಕಾಣಿಸಿತು.

ಸುರಪುರದ ಗೃಹಸ್ಥರೊಬ್ಬರು ಇಂತಹ ಪತ್ರ ಬರೆಯಬಯಸಿದರೆ ನೋಟರಿ ಊರಿನಲ್ಲಿಯೇ ದೊರೆಯುತ್ತಾರೆ. ಪ್ರತಿಯೊಂದನ್ನು ನಗರಸಭೆಯ ಅಧಿಕಾರಿಗೂ ಕೊಡಬೇಕು. ಆದರೆ ಕಾಯಿಲೆ ಬಿದ್ದಾಗ ರೋಗಿ ಇರುವುದು ದೂರದ ಊರಿನ ಆಸ್ಪತ್ರೆಯಲ್ಲಿ. ಪತ್ರ ಕಬ್ಬಿಣದ ಪೆಟ್ಟಿಗೆಯಲ್ಲಿ ಉಳಿದರೆ ಬೆಂಚಿನ ಮೇಲಿನ ಜಗಳ ತಪ್ಪುವುದಿಲ್ಲ. ತಮ್ಮ ಪರವಾಗಿ ಮಾತನಾಡಬೇಕಾದ ಕನಿಷ್ಠ ಇಬ್ಬರ ಹೆಸರನ್ನು ಅದರಲ್ಲಿ ನಮೂದಿಸಬೇಕು. ಹಿರಿಯ ಮಗನದೋ, ಮಗಳದೋ? ಅದನ್ನು ಮನೆಮಂದಿಯೆಲ್ಲ ಊಟಕ್ಕೆ ಕುಳಿತಾಗ ಹೇಳುವುದು, ಸಹಿ ಮಾಡುವುದಕ್ಕಿಂತ ಕಷ್ಟದ ಕೆಲಸ.