ಜಾಲಹಳ್ಳಿಯ ಬಂಗಲೆಯಲ್ಲಿ ಜನತಾ ವಾಚು

ಸರ್ಕಾರಿ ಸ್ವಾಮ್ಯದ ಉದ್ಯಮವೊಂದು ಬಾಗಿಲು ಮುಚ್ಚಿದ ಮೇಲೆ ಅದರ ಹೆಸರಿನಲ್ಲಿ ಸಾಮಾನ್ಯವಾಗಿ ಮೂರು ಸಂಗತಿಗಳು ಉಳಿಯುತ್ತವೆ: ಲೆಕ್ಕಪರಿಶೋಧಕರ ಆಕ್ಷೇಪಗಳು, ನೌಕರರ ಬಾಕಿಯ ವ್ಯಾಜ್ಯಗಳು ಮತ್ತು ಜಮೀನಿನ ತಗಾದೆ. ಮೂರು ದಶಕಗಳಿಗೂ ಮೀರಿ ಸರ್ಕಾರಿ ಕಡತಗಳ ನಡುವೆ ಬದುಕಿದ ನನಗೆ ಈ ಮೂರರ ಪರಿಚಯವೂ ಚೆನ್ನಾಗಿಯೇ ಇದೆ. ಎಚ್‌ಎಂಟಿ ಕೈಗಡಿಯಾರಗಳ ವಿಷಯದಲ್ಲಿ ಮಾತ್ರ ನಾಲ್ಕನೆಯದೊಂದು ಉಳಿದುಕೊಂಡಿದೆ. ಅದು ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ಆರಂಭವಾದ ಎಚ್‌ಎಂಟಿ ಪಾರಂಪರಿಕ ಕೇಂದ್ರ ಮತ್ತು ವಸ್ತುಸಂಗ್ರಹಾಲಯ. ಹಳೆಯ ವಾಚುಗಳ ಗೀಳು ಹತ್ತಿಸಿಕೊಂಡವರಿಗೆ ಅದೊಂದು ಯಾತ್ರಾಸ್ಥಳ. ಅರ್ಥಶಾಸ್ತ್ರ ಓದಿದವರಿಗೆ ಸ್ವತಂತ್ರ ಭಾರತದ ಕೈಗಾರಿಕಾ ನೀತಿಯ ಸಚಿತ್ರ ಅಧ್ಯಾಯ. ಈ ಎರಡೂ ಪಂಗಡಕ್ಕೆ ಸೇರಿದ ನಾನು ಅಲ್ಲಿಗೆ ಹೋಗಲು ಇಷ್ಟು ವರ್ಷ ತಡಮಾಡಿದ್ದೇಕೆಂದು ಮನೆಯವರಿಗೇ ಆಶ್ಚರ್ಯ. ನನ್ನ ಮೇಜಿನ ಖಾನೆಯಲ್ಲಿರುವ ನಲವತ್ತಕ್ಕೂ ಹೆಚ್ಚು ವಾಚುಗಳಲ್ಲಿ ಮುಕ್ಕಾಲು ಪಾಲು ಎಚ್‌ಎಂಟಿಯವೇ. ಹೊತ್ತು ನೋಡಲು ಒಂದು ಸಾಲದೇ ಎಂಬ ನನ್ನ ಶ್ರೀಮತಿಯ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಸಮರ್ಪಕ ಉತ್ತರವಿಲ್ಲ.

ಒಂದು ಕಾಲದಲ್ಲಿ ಸಂಸ್ಥೆಯ ಉನ್ನತ ಅಧಿಕಾರಿಗಳ ನಿವಾಸವಾಗಿದ್ದ ಬಂಗಲೆಯಲ್ಲಿ ಸಂಗ್ರಹಾಲಯವಿದೆ. ಸುತ್ತ ದೊಡ್ಡ ಮರಗಳು, ಅಂಗಳದಲ್ಲಿ ಎಚ್‌ಎಂಟಿಯದೇ ಟ್ರ್ಯಾಕ್ಟರು. ಒಳಗೆ ಕಾಲಿಡುವ ಮೊದಲೇ ಈ ಟ್ರ್ಯಾಕ್ಟರು ನಮ್ಮ ತಪ್ಪು ತಿಳಿವಳಿಕೆಯೊಂದನ್ನು ತಿದ್ದುತ್ತದೆ. ನಮ್ಮ ಪಾಲಿಗೆ ಎಚ್‌ಎಂಟಿ ಎಂದರೆ ವಾಚು. ಆದರೆ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಎಂಬ ಹೆಸರಿನಲ್ಲಿ ಸಂಸ್ಥೆ ಸ್ಥಾಪನೆಯಾದದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ, ಯಂತ್ರಗಳನ್ನು ತಯಾರಿಸುವ ಯಂತ್ರಗಳನ್ನು ತಯಾರಿಸಲು. ವಾಚು ಬಂದದ್ದು ಅನಂತರ, 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ನೆರವಿನಿಂದ. ಮೊದಲ ತಂಡದ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಉಕ್ಕು, ಅಣೆಕಟ್ಟು, ಭಾರಿ ಯಂತ್ರಗಳ ಯೋಜನೆಗಳಲ್ಲಿ ಮುಳುಗಿದ್ದ ಸರ್ಕಾರವೊಂದು ಮುಂಗೈಗೆ ಕಟ್ಟಿಕೊಳ್ಳುವ ಪುಟ್ಟ ವಸ್ತುವಿಗೆ ಬಂಡವಾಳ ಹೂಡಿದ್ದು ಏಕೆಂದು ನಮ್ಮ ಕಾಲದ ವಿದ್ಯಾರ್ಥಿಗಳು ಕೇಳುತ್ತಿದ್ದುದುಂಟು. ಕೈಗಾರಿಕಾ ಸಮಾಜಕ್ಕೆ ಪಾಳಿಗೆ ಸರಿಯಾಗಿ ಬರುವ ಕಾರ್ಮಿಕ ಬೇಕು, ವೇಳಾಪಟ್ಟಿಗೆ ಸರಿಯಾಗಿ ಓಡುವ ರೈಲು ಬೇಕು. ವಿದೇಶಿ ವಿನಿಮಯದ ಬರಗಾಲದಲ್ಲಿ ಅಷ್ಟೂ ವಾಚುಗಳನ್ನು ಹೊರಗಿನಿಂದ ತರಿಸುವುದು ಸಾಧ್ಯವಿರಲಿಲ್ಲ. ಉಳಿದದ್ದು ಕಳ್ಳಸಾಗಣೆಯ ದಾರಿ. ಆ ದಾರಿಯಲ್ಲಿ ಬಂದ ವಾಚುಗಳು ನಮ್ಮ ಊರುಗಳವರೆಗೂ ತಲುಪುತ್ತಿದ್ದವೆಂಬುದು ನನ್ನ ತಲೆಮಾರಿನ ಎಲ್ಲರಿಗೂ ಗೊತ್ತು.

ಒಳಗಿನ ಗಾಜಿನ ಕಪಾಟುಗಳ ಮುಂದೆ ನಾನು ಕಳೆದ ಸಮಯವನ್ನು ಇಲ್ಲಿ ಹೇಳದಿರುವುದೇ ಲೇಸು. ಜನತಾ, ಪೈಲಟ್, ಕೊಹಿನೂರ್, ಸೋನಾ, ರಜತ್, ಅವಿನಾಶ್, ತರುಣ್, ಕಾಂಚನ್, ಹೆಂಗಸರಿಗಾಗಿ ಸುಜಾತಾ, ಒಳಗಿನ ಚಕ್ರಗಳು ಹೊರಗೆ ಕಾಣುವ ಝಲಕ್, ಸೈನಿಕರಿಗಾಗಿ 24 ಗಂಟೆಗಳ ಅಂಕಿಯುಳ್ಳ ಜವಾನ್, ಅಂಧರು ಬೆರಳಿನಿಂದ ಮುಟ್ಟಿ ಹೊತ್ತು ತಿಳಿಯಬಹುದಾದ ಬ್ರೈಲ್ ವಾಚು, ಜೇಬುಗಡಿಯಾರ. ಈ ಹೆಸರುಗಳನ್ನು ಗಮನಿಸಿ. ಒಂದಾದರೂ ಇಂಗ್ಲಿಷಿನ ವೈಭವಕ್ಕೆ ಹಾತೊರೆದದ್ದಲ್ಲ, ಪೈಲಟ್ ಒಂದನ್ನು ಬಿಟ್ಟರೆ. ನೆರೆಹೊರೆಯ ಮನೆಯ ಮಕ್ಕಳನ್ನು ಕರೆದಂತಿರುವ ಈ ಹೆಸರುಗಳ ಹಿಂದೆ ಕೊಳ್ಳುವವನು ಯಾರೆಂಬ ಸ್ಪಷ್ಟ ಕಲ್ಪನೆಯಿತ್ತು. ಆತ ಪ್ರಾಥಮಿಕ ಶಾಲೆಯ ಮೇಷ್ಟರು, ಅಂಚೆ ಗುಮಾಸ್ತ, ಬಸ್ ಕಂಡಕ್ಟರ್. ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಮೇಷ್ಟರಾಗಿದ್ದ ನನ್ನ ತಂದೆಯವರ ಜನತಾ ವಾಚು ಇಡೀ ಶಾಲೆಗೆ ಗಂಟೆ ಬಾರಿಸುವ ಪ್ರಮಾಣವಾಗಿತ್ತು. ಪ್ರತಿದಿನ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಅವರು ಅದಕ್ಕೆ ಕೀ ಕೊಡುತ್ತಿದ್ದರು. ರೇಡಿಯೊದ ವಾರ್ತೆಯ ಹೊತ್ತಿಗೆ ಮುಳ್ಳನ್ನು ಸರಿಪಡಿಸುತ್ತಿದ್ದರು. ಕಾಂಚನ್‌ನ ಅಂತಸ್ತೇ ಬೇರೆ. ಕೀ ಕೊಡುವ ಅಗತ್ಯವಿಲ್ಲದ ಈ ಆಟೊಮ್ಯಾಟಿಕ್ ವಾಚು ಮದುವೆಯ ಮಾತುಕತೆಗಳಲ್ಲಿ ಪ್ರಸ್ತಾಪವಾಗುತ್ತಿತ್ತು. ಅದನ್ನು ಹೊಂದಿಸಲು ಕಾರ್ಖಾನೆಯಲ್ಲಿ ಪರಿಚಿತರಿರುವ ಬಂಧುಗಳನ್ನು ಹುಡುಕಿಕೊಂಡು ಹೆಣ್ಣಿನ ಕಡೆಯವರು ಬೆಂಗಳೂರಿಗೆ ಬರುತ್ತಿದ್ದುದನ್ನು ನಾನೇ ಕಂಡಿದ್ದೇನೆ. ವರದಕ್ಷಿಣೆಯ ಇತಿಹಾಸ ಬರೆಯುವವರು ಈ ಕಪಾಟಿನ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು.

ಡಯಲಿನ ಮೇಲೆ ಅಚ್ಚಾಗಿರುತ್ತಿದ್ದ '17 ಜ್ಯುವೆಲ್ಸ್' ಎಂಬ ಮಾತು ನಮ್ಮ ಕಡೆ ಬಹಳ ಕುತೂಹಲ ಕೆರಳಿಸಿತ್ತು. ಒಳಗೆ ಹದಿನೇಳು ರತ್ನಗಳಿವೆ, ವಾಚು ಕೆಟ್ಟರೂ ಬೆಲೆ ಕೆಡದು ಎಂಬ ನಂಬಿಕೆ. ವಾಸ್ತವವಾಗಿ ಅವು ಕೃತಕ ಮಾಣಿಕ್ಯದ ಕಣಗಳು. ಚಕ್ರಗಳ ಅಚ್ಚುಗಳು ಲೋಹದ ರಂಧ್ರದಲ್ಲಿ ತಿರುಗಿದರೆ ಬೇಗ ಸವೆಯುತ್ತವೆಂದು ಗಟ್ಟಿಯಾದ ಹರಳಿನಲ್ಲಿ ಕೂರಿಸುತ್ತಾರೆ. ಜನತಾ ವಾಚಿನ ಹೃದಯವಾದ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ ಐದು ಬಾರಿ ಮಿಡಿಯುತ್ತದೆ. ಅದರ ಓಲಾಟವನ್ನು ಹಿಡಿತದಲ್ಲಿಡುವ ಹೇರ್‌ಸ್ಪ್ರಿಂಗ್ ಎಂಬುದು ಕೂದಲೆಳೆಯಷ್ಟು ತೆಳುವಾದ ಉಕ್ಕಿನ ಸುರುಳಿ. ಇಂಥ ವಾಚು ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಹೋದರೂ ಒಳ್ಳೆಯ ನಡತೆಯದೆಂದೇ ಲೆಕ್ಕ. ವಾಚಿನ ಬಿಡಿಭಾಗಗಳನ್ನು, ಅವುಗಳನ್ನು ತಯಾರಿಸುತ್ತಿದ್ದ ಯಂತ್ರಗಳನ್ನು ಸಂಗ್ರಹಾಲಯದಲ್ಲಿ ನೋಡುವಾಗ ನನಗೆ ಹೊಳೆದದ್ದು ಇದು: ಸಾಸಿವೆಗಿಂತ ಸಣ್ಣ ತಿರುಪಿನ ತಲೆಗೆ ಗೀರು ಕೊಯ್ಯುವ ಯಂತ್ರವನ್ನು ನಿಭಾಯಿಸುವ ಶಿಸ್ತು ಈ ನಗರಕ್ಕೆ ಬಂದದ್ದು 1961ರ ಹೊತ್ತಿಗೇ. ಬೆಂಗಳೂರಿನ ನಿಖರ ಎಂಜಿನಿಯರಿಂಗ್ ಪರಂಪರೆಯ ಬಗ್ಗೆ ಮಾತನಾಡುವವರು ಅದನ್ನು ಸಾಫ್ಟ್‌ವೇರಿನಿಂದ ಆರಂಭಿಸುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಜೋಡಣೆಯ ವಿಭಾಗದಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದವರು ಮಹಿಳೆಯರು ಎಂಬುದನ್ನೂ ಮರೆಯಬಾರದು. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಚಿಮುಟದಲ್ಲಿ ಚಕ್ರಗಳನ್ನು ಕೂರಿಸುತ್ತ ಅವರು ಸಂಪಾದಿಸಿದ ಸಂಬಳದಿಂದ ಮತ್ತಿಕೆರೆ, ಯಶವಂತಪುರ, ಜಾಲಹಳ್ಳಿಗಳಲ್ಲಿ ಎಷ್ಟು ಮನೆಗಳು ಎದ್ದವು, ಎಷ್ಟು ಮಕ್ಕಳು ಎಂಜಿನಿಯರುಗಳಾದರು ಎಂಬ ಅಧ್ಯಯನವನ್ನು ಯಾರಾದರೂ ಕೈಗೊಳ್ಳಬೇಕು.

ಇನ್ನು ಪತನದ ಕಥೆ. ಎಲ್ಲ ಸಾಂಸ್ಥಿಕ ಸಂಗ್ರಹಾಲಯಗಳಂತೆ ಇಲ್ಲಿಯೂ ಏಳಿಗೆಗೆ ವಿಸ್ತಾರವಾದ ಜಾಗ ದೊರೆತಿದೆ, ಇಳಿಜಾರಿಗೆ ದೊರೆತಿಲ್ಲ. ಸಾರ್ವಜನಿಕ ವಲಯವೆಂದರೆ ಸೋಮಾರಿತನ, ಕ್ವಾರ್ಟ್ಜ್ ತಂತ್ರಜ್ಞಾನ ಬಂದದ್ದೇ ಅವರಿಗೆ ತಿಳಿಯಲಿಲ್ಲ ಎಂದು ಸಲೀಸಾಗಿ ಹೇಳುವವರಿದ್ದಾರೆ. ಇದು ಸತ್ಯವಲ್ಲ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳಿನ ಮೊದಲ ಕೈಗಡಿಯಾರವನ್ನು ಜಪಾನಿನ ಸೈಕೊ 1969ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ತರಲಿಲ್ಲ. ಅದರ ಹರಳು ಕಂಪಿಸುತ್ತಿದ್ದುದು 8,192 ಬಾರಿ. ಇಂದಿನ ಸಂಖ್ಯೆ ಅನಂತರ ಬಳಕೆಗೆ ಬಂದದ್ದು. ಅದೇನೇ ಇರಲಿ, ಕ್ವಾರ್ಟ್ಜ್‌ನ ಯುಗ ಆರಂಭವಾದದ್ದು ಆ ವಾಚಿನಿಂದಲೇ. ತಿಂಗಳಿಗೆ ಹದಿನೈದು ಸೆಕೆಂಡಿನಷ್ಟು ಮಾತ್ರ ತಪ್ಪುವ ಅಗ್ಗದ ವಾಚುಗಳ ಮುಂದೆ ಸ್ವಿಟ್ಜರ್ಲೆಂಡ್ ಕೂಡ ತತ್ತರಿಸಿತು. 1970ರಲ್ಲಿ ಅಲ್ಲಿನ ಗಡಿಯಾರ ಉದ್ಯಮದಲ್ಲಿ ಸುಮಾರು 90 ಸಾವಿರ ಮಂದಿ ದುಡಿಯುತ್ತಿದ್ದರೆ 1980ರ ದಶಕದ ನಡುವೆ ಉಳಿದವರು ಮೂರರಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು. ಅಂಥದ್ದರಲ್ಲಿ ಎಚ್‌ಎಂಟಿ 1981ರಲ್ಲಿಯೇ ಭಾರತದಲ್ಲಿ ಕ್ವಾರ್ಟ್ಜ್ ವಾಚು ತಂದಿತ್ತು. ಟಾಟಾ ಸಮೂಹ ತಮಿಳುನಾಡು ಸರ್ಕಾರದ ನಿಗಮದೊಡನೆ ಕೂಡಿ 1984ರಲ್ಲಿ ಸ್ಥಾಪಿಸಿದ ಟೈಟನ್, ಹೊಸೂರಿನಿಂದ ತನ್ನ ವಾಚುಗಳನ್ನು ಮಾರಾಟಕ್ಕೆ ಬಿಟ್ಟದ್ದು 1987ರಲ್ಲಿ. ಅಂದರೆ ಸರ್ಕಾರಿ ಸಂಸ್ಥೆಗೆ ಆರು ವರ್ಷಗಳ ಮುನ್ನಡೆಯಿತ್ತು.

ಹಾಗಾದರೆ ಸೋತದ್ದೆಲ್ಲಿ? ನನ್ನ ಅಭಿಪ್ರಾಯದಲ್ಲಿ ಅರ್ಹತೆಯಿಲ್ಲದೆ ಸೋತದ್ದಲ್ಲ, ಹೊರೆಯಿಂದ ಸೋತದ್ದು. ಕಾರ್ಖಾನೆಗಳು ಬೆಂಗಳೂರಿನಿಂದ ಶ್ರೀನಗರಕ್ಕೆ, 1978ರಲ್ಲಿ ತುಮಕೂರಿಗೆ, 1985ರಲ್ಲಿ ಹಿಮಾಲಯದ ತಪ್ಪಲಿನ ರಾಣಿಬಾಗ್‌ಗೆ ಹಬ್ಬಿದವು. ಪ್ರಾದೇಶಿಕ ಸಮತೋಲನ, ಉದ್ಯೋಗ ಸೃಷ್ಟಿ, ಹಿಂದುಳಿದ ಪ್ರದೇಶಗಳ ಅಭಿವೃದ್ಧಿ ಇವೆಲ್ಲ ಯೋಗ್ಯ ಉದ್ದೇಶಗಳೇ. ಅವುಗಳನ್ನು ಆಯವ್ಯಯದಿಂದ ಭರಿಸಬೇಕಿತ್ತು. ವಾಚಿನ ಲಾಭದಿಂದ ಭರಿಸಲು ಹೊರಟೆವು. ಕೀ ಕೊಡುವ ವಾಚಿಗೆ ಸಾವಿರಾರು ಕೈಗಳು ಬೇಕು, ಕ್ವಾರ್ಟ್ಜ್‌ಗೆ ಬೇಡ. ಅಷ್ಟೊಂದು ಕೈಗಳನ್ನು ಕರೆತಂದು ಕೂರಿಸಿದ ಮೇಲೆ ಹೊಸ ತಂತ್ರಜ್ಞಾನ ಕೈಯಲ್ಲಿದ್ದರೂ ಅದನ್ನು ಮನಸ್ಸು ಬಿಚ್ಚಿ ಅಪ್ಪಿಕೊಳ್ಳುವ ಸ್ವಾತಂತ್ರ್ಯ ಆಡಳಿತಕ್ಕೆ ಎಷ್ಟರಮಟ್ಟಿಗಿತ್ತು? ಇತ್ತ ಟೈಟನ್ ವಾಚನ್ನು ಹೊತ್ತು ತಿಳಿಸುವ ಉಪಕರಣವೆಂದು ಮಾರಲಿಲ್ಲ, ಒಡವೆಯೆಂದು ಮಾರಿತು. ಬೆಳಕಿನ ಮಳಿಗೆಗಳನ್ನು ತೆರೆಯಿತು. ಅದುವರೆಗೆ ಗಿರಾಕಿಯನ್ನು ಸರದಿಯಲ್ಲಿ ನಿಲ್ಲಿಸಿ ಅಭ್ಯಾಸವಿದ್ದ ವ್ಯವಸ್ಥೆಗೆ ಗಿರಾಕಿಯ ಬಳಿಗೆ ನಡೆದು ಹೋಗುವುದು ಒಗ್ಗಲಿಲ್ಲ. ಹತ್ತು ಕೋಟಿಗೂ ಮೀರಿ ವಾಚುಗಳನ್ನು ದೇಶಕ್ಕೆ ಕೊಟ್ಟ ವಿಭಾಗ 2000ದಲ್ಲಿ ಪ್ರತ್ಯೇಕ ಅಂಗಸಂಸ್ಥೆಯಾಯಿತು. ನಷ್ಟ ನಿಲ್ಲಲಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಮತ್ತು ಶ್ರೀನಗರದ ಎಚ್‌ಎಂಟಿ ಚಿನಾರ್ ವಾಚಸ್ ಎರಡನ್ನೂ ಮುಚ್ಚಲು ತೀರ್ಮಾನಿಸಿ, ನೌಕರರಿಗೆ 2007ರ ವೇತನ ಶ್ರೇಣಿಯ ಲೆಕ್ಕದಲ್ಲಿ ಸ್ವಯಂ ನಿವೃತ್ತಿಯ ಅವಕಾಶ ನೀಡಿತು. ತುಮಕೂರಿನ ಕಾರ್ಖಾನೆಯ ನೆಲ ಇಸ್ರೊ ಪಾಲಾಯಿತು. ಜಾಲಹಳ್ಳಿಯ ಜಮೀನು ಅರಣ್ಯವೋ ಅಲ್ಲವೋ ಎಂಬ ಬಗ್ಗೆ ರಾಜ್ಯಕ್ಕೂ ಸಂಸ್ಥೆಗೂ 2024ರಲ್ಲಿ ಎದ್ದ ವಿವಾದವನ್ನು ಓದುಗರು ಬಲ್ಲರು. ಆ ದಿನಗಳ ವಾದ ಪ್ರತಿವಾದಗಳಲ್ಲಿ ಎಕರೆಗಳ ಮಾತು ಬಂದಷ್ಟು ವಾಚಿನ ಮಾತು ಬರಲಿಲ್ಲ.

ಮುಚ್ಚುವ ಸುದ್ದಿ ಹಬ್ಬಿದ ಕೂಡಲೇ ವಾಚುಗಳ ಬೇಡಿಕೆ ಏರಿದ್ದು ಇನ್ನೊಂದು ವಿಪರ್ಯಾಸ. ಅಂತರ್ಜಾಲದಲ್ಲಿ ಜನತಾ, ಪೈಲಟ್‌ಗಳಿಗೆ ದೇಶವಿದೇಶಗಳ ಸಂಗ್ರಾಹಕರು ಮುಗಿಬಿದ್ದರು. ಬೇಡಿಕೆಯಿದ್ದಲ್ಲಿ ಪೂರೈಕೆ ಹುಟ್ಟುತ್ತದೆ. ಮುಂಬಯಿಯ ಗಲ್ಲಿಗಳಲ್ಲಿ ಹಳೆಯ ವಾಚಿನ ಡಯಲನ್ನು ಉಜ್ಜಿ, ಕೆಂಪು, ನೀಲಿ, ಹಸಿರು ಬಣ್ಣ ಬಳಿದು, ಹತ್ತು ವಾಚುಗಳ ಬಿಡಿಭಾಗಗಳನ್ನು ಒಂದರಲ್ಲಿ ತುರುಕಿ 'ಅಪರೂಪದ ಹಳೆಯ ಮಾಲು' ಎಂದು ಮಾರುವ ಕಸುಬು ಬೆಳೆದಿದೆ. ಹೊಸದಾಗಿ ಈ ಹವ್ಯಾಸಕ್ಕೆ ಬರುವವರು ಮೊದಲು ಸಂಗ್ರಹಾಲಯಕ್ಕೆ ಹೋಗಿ ಮೂಲ ವಾಚನ್ನು ಕಣ್ಣಿನಲ್ಲಿ ತುಂಬಿಕೊಳ್ಳಲಿ. ಮೂಲದಲ್ಲಿ ಅಕ್ಷರಗಳ ಅಂಚು ಹರಿತವಾಗಿರುತ್ತದೆ. ನಿಮಿಷದ ಗೆರೆಗಳು ಎಣಿಸಿದಂತೆ ಸಮ. ನಿಮಿಷದ ಮುಳ್ಳು ಆ ಗೆರೆಯನ್ನು ಮುಟ್ಟುವಷ್ಟೇ ಉದ್ದ. ಬಣ್ಣ ಬಳಿದದ್ದರಲ್ಲಿ ಅಕ್ಷರ ಊದಿಕೊಂಡಿರುತ್ತದೆ, ಮುಳ್ಳು ಗಿಡ್ಡವಾಗಿರುತ್ತದೆ, ಐವತ್ತು ವರ್ಷದ ವಾಚಿಗೆ ಒಂದು ಕಲೆಯೂ ಇರುವುದಿಲ್ಲ. ಅರಿಸಿನ ಬಣ್ಣಕ್ಕೆ ತಿರುಗಿದ ಡಯಲು, ಗೀರು ಬಿದ್ದ ಗಾಜು, ಹಿಂಬದಿಯ ಮುಚ್ಚಳದ ಮೇಲೆ ಯಾರೋ ಕೆತ್ತಿಸಿದ ಹೆಸರು ಇವೇ ನನಗೆ ಪ್ರಿಯ. ಬಣ್ಣ ಬಳಿಯುವವರನ್ನು ಮಾತ್ರ ನಾನು ಪೂರ್ತಿ ದೂರಲಾರೆ. ವಾಚನ್ನು ಬಿಚ್ಚಿ ಜೋಡಿಸುವ ವಿದ್ಯೆಯನ್ನು ತಕ್ಕಮಟ್ಟಿಗೆ ಜೀವಂತವಾಗಿ ಉಳಿಸಿಕೊಂಡಿರುವವರಲ್ಲಿ ಅವರೂ ಸೇರಿದ್ದಾರೆ.

ಸಂಗ್ರಹಾಲಯದಲ್ಲಿ ನನಗೆ ಕೊರತೆ ಕಂಡದ್ದೂ ಈ ವಿದ್ಯೆಯ ವಿಷಯದಲ್ಲಿಯೇ. ಗಾಜಿನೊಳಗಿನ ವಾಚು ಕೀ ಕೊಡದಿದ್ದರೆ ನಿಂತೇ ಇರುತ್ತದೆ, ಎಣ್ಣೆ ಒಣಗುತ್ತದೆ. ಸ್ವಿಟ್ಜರ್ಲೆಂಡಿನ ಲಾ ಷೊ-ದ-ಫಾಂ ಎಂಬ ಊರಿನಲ್ಲಿ 1974ರಲ್ಲಿ ತೆರೆದ ಅಂತರರಾಷ್ಟ್ರೀಯ ಗಡಿಯಾರ ಸಂಗ್ರಹಾಲಯ ತನ್ನೊಳಗೇ ಹಳೆಯ ಗಡಿಯಾರಗಳ ದುರಸ್ತಿಯ ಕಾರ್ಯಾಗಾರ ಇಟ್ಟುಕೊಂಡಿದೆ. ನಮ್ಮಲ್ಲಿ ಅಷ್ಟು ದೊಡ್ಡದು ಬೇಡ. ಒಂದು ಮೇಜು, ಒಂದು ದೀಪ, ಇಬ್ಬರು ನಿವೃತ್ತ ಕುಶಲಕರ್ಮಿಗಳು, ಅವರ ಬಳಿ ಕಲಿಯಲು ಐಟಿಐ ಮುಗಿಸಿದ ನಾಲ್ವರು ಹುಡುಗ ಹುಡುಗಿಯರು ಸಾಕು. ಮನೆಯ ಪೆಟ್ಟಿಗೆಯಲ್ಲಿ ನಿಂತುಹೋದ ತಾತನ ವಾಚು ಇಟ್ಟುಕೊಂಡವರು ಈ ರಾಜ್ಯದಲ್ಲಿ ಲಕ್ಷಾಂತರ ಮಂದಿ ಇರಬೇಕು; ದುರಸ್ತಿಗೆ ದುಡ್ಡು ಕೊಡಲು ಅವರು ಹಿಂಜರಿಯಲಾರರು. ಚಿಕ್ಕಪೇಟೆ, ಅವೆನ್ಯೂ ರಸ್ತೆಗಳಲ್ಲಿ ನನ್ನ ವಾಚುಗಳನ್ನು ನೋಡಿಕೊಳ್ಳುತ್ತಿದ್ದ ಮೂವರು ರಿಪೇರಿಯವರಲ್ಲಿ ಒಬ್ಬರು ತೀರಿಕೊಂಡರು, ಇನ್ನೊಬ್ಬರಿಗೆ ಕಣ್ಣು ಮಂದವಾಗಿದೆ, ಮೂರನೆಯವರ ಅಂಗಡಿಯಲ್ಲಿ ಈಗ ಅವರ ಮಗ ಮೊಬೈಲ್ ಫೋನಿನ ಕವಚಗಳನ್ನು ಮಾರುತ್ತಾನೆ. ಬಿಡಿಭಾಗಗಳ ಪಟ್ಟಿ, ನಕ್ಷೆಗಳು, ಯಾವ ಮಾದರಿ ಯಾವ ವರ್ಷ ಬಂತೆಂಬ ದಾಖಲೆಯನ್ನು ಕ್ರಮವಾಗಿ ಪ್ರಕಟಿಸಿದರೆ ನಕಲಿಗಳ ಹಾವಳಿಯೂ ತಗ್ಗೀತು. ಇವುಗಳಿಗೆ ದೊಡ್ಡ ಮೊತ್ತವೇನೂ ಬೇಡ.

ನಾನು ಹೋದ ದಿನ ಅಲ್ಲಿ ಒಬ್ಬ ವೃದ್ಧೆ ಮೊಮ್ಮಗನ ತೋಳು ಹಿಡಿದು ಬಂದಿದ್ದರು. ಜೋಡಣೆಯ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ದುಡಿದವರಂತೆ. ಯಂತ್ರವೊಂದರ ಮುಂದೆ ನಿಂತು, ಅದನ್ನು ವಿವರಿಸುವ ಫಲಕವನ್ನು ಓದದೆಯೇ, ಹೇರ್‌ಸ್ಪ್ರಿಂಗಿನ ಸುರುಳಿಯನ್ನು ಚಿಮುಟದಿಂದ ಹಿಡಿಯುವಾಗ ಉಸಿರನ್ನು ಹೇಗೆ ಬಿಗಿಹಿಡಿಯುತ್ತಿದ್ದೆವೆಂದು ಆ ಹುಡುಗನಿಗೆ ಬೆರಳುಗಳಲ್ಲಿ ಅಭಿನಯಿಸಿ ತೋರಿಸಿದರು. ಅದನ್ನು ಧ್ವನಿಮುದ್ರಿಸಿಕೊಳ್ಳುವ ವ್ಯವಸ್ಥೆಯನ್ನು ಯಾರಾದರೂ ಈಗಲೇ ಮಾಡಬೇಕು. 1961ರಲ್ಲಿ ಇಪ್ಪತ್ತರ ಹರೆಯದಲ್ಲಿ ಕೆಲಸಕ್ಕೆ ಸೇರಿದವರಿಗೆ ಇಂದು ಎಂಬತ್ತು ದಾಟಿದೆ.